ಗಣಕಶಾಸ್ತ್ರದ ಸಂಶೋಧನೆಯೂ ನಮ್ಮಂಥವರ ಜೀವನೋಪಾಯವೂ

ಅಂತಿಮ ತರಗತಿಗೆ ಬಂದ ವಿದ್ಯಾರ್ಥಿಯನ್ನು ಕಂಡವರೆಲ್ಲರೂ ಕೇಳುವ ಪ್ರಶ್ನೆ ಒಂದೇ: "ಮುಂದೇನು?" ನಾನು ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರಗಳನ್ನು ಅಭ್ಯಾಸಮಾಡುತ್ತಿರುವವನು. ಗಣಕಶಾಸ್ತ್ರದಲ್ಲಿ ಸಂಶೋಧನೆ ನಡೆಸಬೇಕೆಂಬ ನನ್ನ ಆಸೆಯನ್ನು ವಿದ್ಯಾರ್ಥಿನಿಲಯದಲ್ಲಿ ಬಾಯಿಬಿಟ್ಟು ಹೇಳಿದಾಗ ಮಿತ್ರರು ನಕ್ಕರು. ಕಲಾ ಕಾಲೇಜಿನವನಿಗೆ ಕಂಪ್ಯೂಟರಿನ ಗೊಡವೆ ಏಕೆ ಎಂಬುದು ಅವರ ಆಕ್ಷೇಪಣೆ. ನಮ್ಮ ತಂದೆಯವರು ನಗಲಿಲ್ಲ, "ಕೆಟ್ಟ ಯಂತ್ರವನ್ನು ರಿಪೇರಿ ಮಾಡುವ ವಿದ್ಯೆಯೇನಪ್ಪ ಅದು?" ಎಂದು ಕೇಳಿದರು. ಇವೆರಡಕ್ಕೂ ಉತ್ತರ ಕೊಡಲು ಹೊರಟಾಗ ನನಗೇ ತಿಳಿಯದಿದ್ದ ಎಷ್ಟೋ ವಿಷಯಗಳು ತಿಳಿದುವು. ಅವುಗಳಲ್ಲಿ ಕೆಲವನ್ನು ಪೂಜ್ಯ ಅಧ್ಯಾಪಕರ ಮತ್ತು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲನೆಯದಾಗಿ, ಈ ಶಾಸ್ತ್ರ ಯಂತ್ರಕ್ಕಿಂತ ಮುಂಚೆ ಹುಟ್ಟಿತು. ಇಂಗ್ಲೆಂಡಿನ ಅಲನ್ ಟ್ಯೂರಿಂಗ್ 1936ರಲ್ಲಿ ತನ್ನ ಹೆಸರಾಂತ ಲೇಖನವನ್ನು ಬರೆದಾಗ ಇಂದು ನಾವು ಕಾಣುವಂಥ ವಿದ್ಯುನ್ಮಾನ ಗಣಕ ಎಲ್ಲಿಯೂ ಇರಲಿಲ್ಲ. ಲೆಕ್ಕ ಮಾಡುವುದೆಂದರೇನು, ಯಾವ ಕ್ರಮದಿಂದಲೂ ಬಿಡಿಸಲಾಗದ ಲೆಕ್ಕಗಳಿವೆಯೇ ಎಂಬುದು ಅವನ ಪ್ರಶ್ನೆ. ಇವೆ ಎಂದು ಅವನು ಸಾಧಿಸಿ ತೋರಿಸಿದ. ಇದು ತರ್ಕಶಾಸ್ತ್ರದ ಪ್ರಶ್ನೆಯಲ್ಲವೇ? ತರ್ಕಶಾಸ್ತ್ರ ಕಲಾ ವಿಭಾಗದ್ದಲ್ಲವೇ? ಹೀಗಿರಲು ನಾವು ಈ ಮನೆಗೆ ಹೊರಗಿನವರೆಂದು ಹೇಳುವುದು ನ್ಯಾಯವಾಗಿ ತೋರದು.

ತಂದೆಯವರಿಗೆ ಉತ್ತರ ಕೊಡುವುದು ಇಷ್ಟು ಸುಲಭವಾಗಲಿಲ್ಲ. ಅವರು ಮಂಡಿಯ ಅಂಗಡಿಯೊಂದರಲ್ಲಿ ಗುಮಾಸ್ತರು. ಕೂಡಿದ ಲೆಕ್ಕ ಸರಿಯೇ ಎಂದು ನೋಡಲು ಅವರದೊಂದು ಹಳೆಯ ಕ್ರಮವಿದೆ. ಪ್ರತಿಯೊಂದು ಮೊತ್ತದ ಅಂಕಿಗಳನ್ನೂ ಒಂದೇ ಅಂಕಿ ಉಳಿಯುವವರೆಗೆ ಕೂಡುತ್ತಾರೆ. 347 ಎಂದರೆ 14, ಎಂದರೆ 5. 268 ಎಂದರೆ 16, ಎಂದರೆ 7. ಐದೂ ಏಳೂ 12, ಎಂದರೆ 3. ಇವೆರಡರ ಮೊತ್ತ 615. ಅದೂ 12, ಅದೂ 3. ತಾಳೆಯಾಯಿತು! ಆದರೆ ನಿದ್ದೆಗಣ್ಣಿನಲ್ಲಿ 615ನ್ನು 651 ಎಂದು ಬರೆದಿದ್ದರೂ ಮೂರೇ ಬರುತ್ತಿತ್ತು. ಪರೀಕ್ಷೆಯಲ್ಲಿ ತಾಳೆಯಾಗದಿದ್ದರೆ ತಪ್ಪಿರುವುದು ನಿಶ್ಚಯ. ತಾಳೆಯಾದರೆ ಸರಿಯೆಂಬುದು ನಿಶ್ಚಯವಲ್ಲ. ಒಮ್ಮೆ ಹೀಗೆಯೇ ಅಂಕಿ ಅದಲುಬದಲಾಗಿ ತಂದೆಯವರ ಸಂಬಳದಲ್ಲಿ ಹಣ ಮುರಿದುಕೊಂಡದ್ದುಂಟು. ಆದುದರಿಂದ ಈ ಮಾತು ಅವರಿಗೆ ಚೆನ್ನಾಗಿ ಗೊತ್ತು.

ಗಣಕಶಾಸ್ತ್ರದ ಒಂದು ದೊಡ್ಡ ಸಂಶೋಧನೆಯ ಕಥೆ ಇಲ್ಲಿಂದಲೇ ಹೊರಡುತ್ತದೆಂದರೆ ವಾಚಕರು ಆಶ್ಚರ್ಯಪಡಬಾರದು. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ತಿಳಿಯಬೇಕು. 91 ಆದರೆ ಏಳು ಹದಿಮೂರಲಿ ಎಂದು ಬಾಯಲ್ಲೇ ಹೇಳಬಹುದು. ಆದರೆ ಅಂತರ್ಜಾಲದಲ್ಲಿ ಗುಟ್ಟನ್ನು ಕಾಯಲು 1977ರಲ್ಲಿ ಸಿದ್ಧವಾದ ಆರ್.ಎಸ್.ಎ. ಎಂಬ ಪದ್ಧತಿಗೆ ಇಂದು 300 ಅಂಕಿಗಳಷ್ಟು ಉದ್ದದ ಅವಿಭಾಜ್ಯ ಸಂಖ್ಯೆಗಳು ಬೇಕು. ಅಂಥದನ್ನು ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡುತ್ತ ಹೋದರೆ, ಕ್ಷಣಕ್ಕೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರಕ್ಕೂ ಈ ವಿಶ್ವದ ವಯಸ್ಸು ಸಾಲದು. ಹಾಗಾಗಿ ಪರೀಕ್ಷೆ ಬೇಕು. ಫರ್ಮಾ ಎಂಬ ಗಣಿತಜ್ಞನ ಹಳೆಯ ಸೂತ್ರವೊಂದಿದೆ: 2ನ್ನು 7 ಸಲ ಗುಣಿಸಿಕೊಂಡು ಬಂದು 2 ಕಳೆದರೆ 126, ಅದು 7ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಎಲ್ಲ ಅವಿಭಾಜ್ಯ ಸಂಖ್ಯೆಗಳೂ ಹೀಗೆಯೇ. 9ನ್ನು ಹೀಗೆ ನೋಡಿದರೆ 510 ಬರುತ್ತದೆ, 9ರಿಂದ ಭಾಗವಾಗುವುದಿಲ್ಲ, ಸಿಕ್ಕಿಬಿದ್ದಿತು. ಆದರೆ 341 ಎಂಬುದೊಂದಿದೆ. ಅದು 11 ಮತ್ತು 31ರ ಗುಣಲಬ್ಧ. ಆದರೂ ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ತೇರ್ಗಡೆಯಾಗುತ್ತದೆ. ತಂದೆಯವರ 651ರ ಅಣ್ಣನೆನ್ನಬಹುದು.

ಮಿಲ್ಲರ್ 1976ರಲ್ಲಿಯೂ ರಾಬಿನ್ 1980ರಲ್ಲಿಯೂ ಇದಕ್ಕಿಂತ ಬಿಗಿಯಾದ ಪರೀಕ್ಷೆಗಳನ್ನು ಕೊಟ್ಟರು. ಇವರಿಬ್ಬರ ಹೆಸರಿನಲ್ಲಿ ಬಳಕೆಗೆ ಬಂದ ಕ್ರಮವನ್ನು ಬೇರೆ ಬೇರೆ ಸಂಖ್ಯೆಗಳನ್ನು ಆರಿಸಿಕೊಂಡು 10 ಸಲ ನಡೆಸಿದರೆ ಅವಿಭಾಜ್ಯವಲ್ಲದ ಸಂಖ್ಯೆ ನುಣುಚಿಕೊಳ್ಳುವ ಸಂಭವ 10 ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ. ವ್ಯವಹಾರಕ್ಕೆ ಅಷ್ಟು ಸಾಕು. ಆದರೂ "ನಿಶ್ಚಯವಾಗಿಯೂ ಬೇಗನೆಯೂ ತಿಳಿಯುವ ಕ್ರಮ ಇದೆಯೇ?" ಎಂಬ ಪ್ರಶ್ನೆ ಉಳಿದೇ ಇತ್ತು.

ಇದಕ್ಕೆ ಉತ್ತರ ಬಂದದ್ದು ನಮ್ಮ ದೇಶದಿಂದ. ಕಾನ್ಪುರದ ಐ.ಐ.ಟಿ.ಯಲ್ಲಿ ಅಧ್ಯಾಪಕರಾದ ಮಣೀಂದ್ರ ಅಗ್ರವಾಲರೂ ಆ ವರ್ಷವಷ್ಟೇ ಬಿ.ಟೆಕ್. ಮುಗಿಸಿದ್ದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬಿಬ್ಬರು ತರುಣರೂ 2002ರ ಆಗಸ್ಟಿನಲ್ಲಿ ಅಂಥ ಕ್ರಮವನ್ನು ಪ್ರಕಟಿಸಿದರು. 2004ರಲ್ಲಿ ಅದು 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. 2006ರಲ್ಲಿ ಗೋಡೆಲ್ ಪಾರಿತೋಷಕ ಬಂದಿತು. ಲೇಖನ ಹದಿಮೂರು ಪುಟಗಳಷ್ಟೇ. ಕಯಾಲ್ ಅವರು ಮುಂದೆ ನಮ್ಮ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಕೆಲಸ ಮಾಡಿದರು. ಇದೆಲ್ಲ ಕೇಳಲು ರೋಮಾಂಚಕಾರಿಯಾಗಿದೆ. ಆದರೆ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಇದರ ಹಿಂದಿನ ವರ್ಷ, 2001ರಲ್ಲಿ, ಅದೇ ವಿಭಾಗದ ಬೇರೆ ಇಬ್ಬರು ವಿದ್ಯಾರ್ಥಿಗಳು ಅದೇ ಅಗ್ರವಾಲರ ಕೈಕೆಳಗೆ ಅದೇ ಪ್ರಶ್ನೆಯ ಮೇಲೆ ತಮ್ಮ ಬಿ.ಟೆಕ್. ಪ್ರಬಂಧವನ್ನು ಬರೆದಿದ್ದರು. ಅವರು ತಂದು ನಿಲ್ಲಿಸಿದ ಜಾಗದಿಂದ ಮುಂದಿನವರು ಹೊರಟರು. ಕ್ರಮಕ್ಕೆ ನಿಂತ ಹೆಸರಿನಲ್ಲಿ ಮೂವರ ಮೊದಲಕ್ಷರಗಳಿವೆ; ಆ ಇಬ್ಬರವು ಇಲ್ಲ. ಸಂಶೋಧನೆಯನ್ನು ವೃತ್ತಿಯಾಗಿ ಕೈಕೊಳ್ಳುವವನು ತಾನು 2002ರವನಾಗುವೆನೋ 2001ರವನಾಗುವೆನೋ ಎಂದು ಮೊದಲೇ ತಿಳಿಯಲಾರ. ನಾನು 2001ರವನಾದರೂ ಸಂತೋಷವಾಗಿರಬಲ್ಲೆನೇ? ಎಷ್ಟೋ ರಾತ್ರಿ ಇದನ್ನೇ ಯೋಚಿಸಿದ್ದೇನೆ. ಆಗಬಲ್ಲೆನೆಂದು ಹಗಲು ತೋರುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಹೊಸ ಕ್ರಮವನ್ನು ನಿತ್ಯ ವ್ಯವಹಾರದಲ್ಲಿ ಸಾಮಾನ್ಯವಾಗಿ ಯಾರೂ ಬಳಸುವುದಿಲ್ಲ! ಹಳೆಯ ಸಂಭವದ ಪರೀಕ್ಷೆಯೇ ಅದಕ್ಕಿಂತ ವೇಗವಾದದ್ದು. ಹಾಗಾದರೆ ಪ್ರಯೋಜನವೇನೆಂದು ತಂದೆಯವರು ಕೇಳಿದರೆ, ಇರುವುದೋ ಇಲ್ಲವೋ ಎಂದು ತಿಳಿಯದಿದ್ದದ್ದು ಇದೆಯೆಂದು ತಿಳಿಯಿತು, ಅಷ್ಟೇ ಎನ್ನಬೇಕಾಗುತ್ತದೆ.

ನನ್ನ ಒಲವು ಮಾತ್ರ ಇಷ್ಟು ಎತ್ತರದ್ದಲ್ಲ. ನಮ್ಮ ಭಾಷೆಯ ಕಡೆಗೆ. 2011ರ ಜನಗಣತಿಯಂತೆ ಕನ್ನಡವನ್ನು ತಾಯಿನುಡಿಯೆಂದು ಬರೆಸಿದವರು ಸುಮಾರು 4 ಕೋಟಿ 37 ಲಕ್ಷ. ಆದರೂ ಯಂತ್ರಗಳು ಓದಿ ಕಲಿಯಲು ದೊರೆಯುವ ಕನ್ನಡ ಬರಹ ಇಂಗ್ಲಿಷಿನ ಮುಂದೆ ತೀರ ಸ್ವಲ್ಪ. ಮೇಲಾಗಿ ನಮ್ಮ ಕ್ರಿಯಾಪದದ ಸ್ವಭಾವವೇ ಬೇರೆ. "ಹೋಗದಿದ್ದರೂ", "ಹೋಗಬೇಕಾಗಿತ್ತೇನೋ" ಎಂಬಂಥ ಒಂದೊಂದು ಪದದಲ್ಲಿ ಒಂದು ವಾಕ್ಯದಷ್ಟು ಅರ್ಥ ಅಡಗಿರುತ್ತದೆ. ಇದನ್ನು ಬಿಡಿಸಿ ಯಂತ್ರಕ್ಕೆ ತಿಳಿಸುವವನಿಗೆ ಗಣಿತ ಬರಬೇಕು, ವ್ಯಾಕರಣವೂ ಬರಬೇಕು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಯಂತ್ರವೇ ಪ್ರೋಗ್ರಾಂ ಬರೆಯುವಾಗ ನೀನೇಕೆ ಕಲಿಯಬೇಕೆನ್ನುವವರು ಹೆಚ್ಚಾಗಿದ್ದಾರೆ. ಬರೆಯುವವರು ಕಡಿಮೆಯಾಗಬಹುದು; ಬರೆದದ್ದು ಸರಿಯೇ ಎಂದು ತಾಳೆ ನೋಡುವವರು ಬೇಡವೇ?

ಇನ್ನು ಹೊಟ್ಟೆಪಾಡಿನ ಮಾತು. ಗಣಿತ ಓದಿದ ಬಿ.ಎ. ಪದವೀಧರರು ಎಂ.ಸಿ.ಎ. ಸೇರಬಹುದು; ಈಗ ಅದು ಎರಡು ವರ್ಷ. 2021ರಿಂದ ಗೇಟ್ ಪರೀಕ್ಷೆಯ ಬಾಗಿಲೂ ಕಲಾ ವಿದ್ಯಾರ್ಥಿಗಳಿಗೆ ತೆರೆದಿದೆ. ಸ್ನಾತಕೋತ್ತರದ ಅನಂತರ ನೆಟ್ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಕಿರಿಯ ಸಂಶೋಧನಾ ವೇತನ, 2023ರ ಜನವರಿಯಿಂದ, ತಿಂಗಳಿಗೆ 37,000 ರೂಪಾಯಿ. ಎರಡು ವರ್ಷಗಳ ಮೇಲೆ 42,000. ಕಾಗದದ ಮೇಲೆ ಕಡಿಮೆಯೇನಲ್ಲ. ಆದರೆ ಸಂಶೋಧನೆಯಲ್ಲಿ ತೊಡಗಿರುವ ನಮ್ಮೂರಿನ ಹಿರಿಯರೊಬ್ಬರು ರಜೆಗೆ ಬಂದಾಗ ಬೇರೆಯದನ್ನೂ ಹೇಳಿದರು. ನಾಲ್ಕು ತಿಂಗಳು ವೇತನ ಬಾರದೆ ತಂಗಿಯಿಂದ ಸಾಲ ಪಡೆದರಂತೆ. ಒಂದು ವರ್ಷ ದುಡಿದ ಫಲಿತಾಂಶವನ್ನು ಹೊರದೇಶದವರಾರೋ ಎರಡು ವಾರ ಮುಂಚೆ ಪ್ರಕಟಿಸಿಬಿಟ್ಟರಂತೆ. "ಮಾರನೆಯ ದಿನ ಏನು ಮಾಡಿದಿರಿ?" ಎಂದೆ. "ಅವರ ಲೇಖನ ಓದಿದೆ, ಚೆನ್ನಾಗಿತ್ತು" ಎಂದರು.

ನನ್ನ ಮುಂದೆ ಈಗ ಎರಡು ಕಾಗದಗಳಿವೆ. ಬೆಂಗಳೂರಿನ ಒಂದು ಕಂಪನಿಯವರು ಗ್ರಾಹಕರ ದೂರುಗಳಿಗೆ ಉತ್ತರ ಕೊಡುವ ಕೆಲಸಕ್ಕೆ ತಿಂಗಳಿಗೆ 21,000 ರೂಪಾಯಿ ಕೊಡಲು ಒಪ್ಪಿದ್ದಾರೆ. ಮನೆಯ ಮೇಲೆ ಸಾಲವಿದೆ. ಇನ್ನೊಂದು ಎಂ.ಸಿ.ಎ. ಪ್ರವೇಶದ ಅರ್ಜಿ. ಕಳೆದ ಭಾನುವಾರ ತಂದೆಯವರಿಗೆ 341ರ ಲೆಕ್ಕವನ್ನು ತೋರಿಸಿದೆ. ಅವರು ರಸೀತಿಯ ಬೆನ್ನ ಮೇಲೆ ತಾವೇ ಒಮ್ಮೆ ಮಾಡಿ ನೋಡಿದರು. ಮರುದಿನ ಅಂಗಡಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಆ ಥರದ ಕಳ್ಳ ಸಂಖ್ಯೆಗಳು ಇನ್ನೆಷ್ಟಿವೆಯೋ?" ಎಂದರು. ಲೆಕ್ಕವಿಲ್ಲದಷ್ಟಿವೆ, ಮುಂದಿನದು 561 ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅರ್ಜಿಗೆ ಎಷ್ಟು ಕಟ್ಟಬೇಕೆಂದು ಕೇಳಿದರು. ಅರ್ಜಿ ಹಾಕಿದ್ದೇನೆ. ಕಂಪನಿಯವರಿಗೆ ಉತ್ತರ ಬರೆಯಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ.