ಅಕ್ಕ ದಿನಾ ನಡೆದಳು, ಆದರೂ ಬಂತಲ್ಲ?

ಪ್ರಶ್ನೆ: ನನಗೆ 38 ವರ್ಷ. ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಅಂಗಡಿ ಇಟ್ಟಿದ್ದೇನೆ. ಸಕ್ಕರೆ ಕಾಯಿಲೆಯಿಂದ ಅಜ್ಜನ ಕಾಲು ತೆಗೆದರು. ಅಪ್ಪ ಡಯಾಲಿಸಿಸ್‌ ಮಾಡಿಸಿಕೊಳ್ಳುತ್ತಲೇ 61ಕ್ಕೆ ಹೋದರು. ಹೋದ ತಿಂಗಳು ನನ್ನ ಎಚ್‌ಬಿಎ1ಸಿ 6.1 ಬಂತು. ಡಾಕ್ಟರು, ‘ಇನ್ನೂ ಹೊಸ್ತಿಲಲ್ಲಿದೆ, ನಡೆಯಿರಿ, ಊಟ ತಿದ್ದಿಕೊಳ್ಳಿ’ ಅಂದರು. ನನ್ನ ಅಕ್ಕ ಹತ್ತು ವರ್ಷ ಅದನ್ನೇ ಮಾಡಿದಳು. ಹಬ್ಬದ ಹೋಳಿಗೆ ಮುಟ್ಟಲಿಲ್ಲ, ಮಳೆ ಬಂದರೂ ನಡಿಗೆ ಬಿಡಲಿಲ್ಲ. 46ಕ್ಕೆ ಅವಳಿಗೂ ಬಂತು. ಈಗಲೂ ನಡೆಯುತ್ತಾಳೆ, ಯಾಕೋ ಗೊತ್ತಿಲ್ಲ. ಸಟವಿ ಬರೆದದ್ದು ತಪ್ಪುತ್ತದೆಯೇ? ಹೆಂಡತಿ ದಿನಾ ಜಗಳ ತೆಗೆಯುತ್ತಾಳೆ. ನಾನು ಬೆಲ್ಲದ ಚಹಾ ಕುಡಿದು ಸುಮ್ಮನಿರುತ್ತೇನೆ. ನನ್ನದು ತಪ್ಪೇ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಡಯಾಲಿಸಿಸ್‌ ಕೋಣೆಯನ್ನು ಹತ್ತಿರದಿಂದ ಕಂಡವರಿಗೆ 6.1 ಬರೀ ಅಂಕಿಯಾಗಿ ಕಾಣುವುದಿಲ್ಲ. ಆ ಮಂಚ, ಆ ಸೂಜಿ, ಅಪ್ಪನ ಮುಖ ಕಣ್ಣಿಗೆ ಕಟ್ಟುತ್ತದೆ. ಹೆದರಿದ್ದೀರಿ. ಹೆದರಿದವರು ಸುಮ್ಮನೆ ಕೂರುವುದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಸಟವಿಯ ಮಾತೆತ್ತಿದ್ದೀರಿ, ಅಲ್ಲಿಂದಲೇ ಶುರು ಮಾಡುತ್ತೇನೆ. ನಮ್ಮ ಮನೆಯಲ್ಲೂ ಕೂಸು ಹುಟ್ಟಿದ ಐದನೆಯ ರಾತ್ರಿ ಹಣೆಬರಹ ಬರೆಯಲು ಸಟವಿ ಬರುತ್ತಾಳೆಂದು ಅಜ್ಜಿ ಬಿಳಿಹಾಳೆ, ಪೆನ್ನು ಇಟ್ಟು ದೀಪ ಹಚ್ಚುತ್ತಿದ್ದಳು. ಅಜ್ಜಿಯ ನಂಬಿಕೆಯಲ್ಲಿ ಒಂದು ನಿಜವಿತ್ತು: ಕೂಸು ಕಣ್ಣು ಬಿಡುವಷ್ಟರಲ್ಲೇ ಕೆಲವು ಸಂಗತಿಗಳು ಯಾರ ಕೈಗೂ ಸಿಗದಂತೆ ಗೊತ್ತಾಗಿಬಿಟ್ಟಿರುತ್ತವೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ‘ಕೂಸು’ಗಳನ್ನು ಹುಡುಕಿಕೊಂಡು ಹೋಗಿ ರಕ್ತ ಪರೀಕ್ಷಿಸಿದರು. ಹುಟ್ಟಿದಾಗಿನ ಮೈಯಳತೆಗೆ, ಬಸುರಿಯಾಗಿದ್ದಾಗಿನ ತಾಯಿಯ ತೂಕಕ್ಕೆ, ಅಷ್ಟು ವರ್ಷಗಳ ಮೇಲೆ ಬಂದ ಸಕ್ಕರೆ ಕಾಯಿಲೆಗೆ ನಂಟು ಕಂಡಿತು. ಯಾವ ಕೂಸೂ ಅದನ್ನು ಕೇಳಿ ಪಡೆದದ್ದಲ್ಲ. ಅಜ್ಜನಿಂದ, ಅಪ್ಪನಿಂದ ನಿಮ್ಮ ಮೈಗೆ ಇಳಿದು ಬಂದದ್ದೂ ಹಾಗೆಯೇ. ಅದನ್ನು ಹಣೆಬರಹ ಎಂದು ಕರೆದರೆ ನನ್ನದೇನೂ ತಕರಾರಿಲ್ಲ.

ಆದರೆ ಅಕ್ಕನ ಕಥೆಯಿಂದ ನೀವು ತೆಗೆದ ತೀರ್ಮಾನಕ್ಕೆ ತಕರಾರಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಅವರ ಜೊತೆಗಾರರು ನಿಮ್ಮಂತೆ ಹೊಸ್ತಿಲಲ್ಲಿದ್ದ 531 ಜನರನ್ನು ಗುಂಪು ಮಾಡಿ ಮೂರು ವರ್ಷ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಮೂಲಿ ಸಲಹೆಯಷ್ಟೇ ಸಿಕ್ಕವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಪಟ್ಟುಹಿಡಿದು ಊಟ ತಿದ್ದಿಸಿ, ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯುವಂತೆ ಮಾಡಿದ ಗುಂಪಿನಲ್ಲಿ ನೂರಕ್ಕೆ 39 ಮಂದಿಗೆ. ಈ ಲೆಕ್ಕವನ್ನು ಅಂಗಡಿಯ ಖಾತೆ ನೋಡುವಷ್ಟೇ ನಿಧಾನವಾಗಿ ನೋಡಿ. ನಡೆದರೂ ಬಂದವರು 39, ನಿಮ್ಮ ಅಕ್ಕ ಅವರ ಜೊತೆಗಿದ್ದಾರೆ. ವಿಶೇಷವಾಗಿ ಏನೂ ಮಾಡದೆಯೂ ಬಾರದಿದ್ದವರು 45. ನಡುವೆ 16 ಮಂದಿ ಉಳಿದರು. ಕೂತಿದ್ದರೆ ಅವರಿಗೆ ಬರುತ್ತಿತ್ತು, ಎದ್ದು ನಡೆದದ್ದಕ್ಕೆ ಆ ಮೂರು ವರ್ಷ ಬರಲಿಲ್ಲ. ನೀವು ಈ ಮೂರು ಗುಂಪುಗಳಲ್ಲಿ ಯಾವುದಕ್ಕೆ ಸೇರಿದವರೆಂದು ನಾನು ಹೇಳಲಾರೆ, ನಿಮ್ಮ ಡಾಕ್ಟರೂ ಹೇಳಲಾರರು. ಅಕ್ಕನಿಗೆ ಆದದ್ದು ನಿಮಗೂ ಆಗಿಯೇ ತೀರುತ್ತದೆ ಎಂದು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಅಕ್ಕನ ನಡಿಗೆ ವ್ಯರ್ಥವಾಯಿತು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಚೀನಾದ ಡಾಚಿಂಗ್ ಎಂಬಲ್ಲಿ 1986ರಲ್ಲಿ ಇಂಥದೇ ಪ್ರಯೋಗ ಆರಂಭಿಸಿ, ಮೂವತ್ತು ವರ್ಷ ಅದರ ಬೆನ್ನು ಹತ್ತಿದರು. ಊಟ, ವ್ಯಾಯಾಮ ಸರಿಪಡಿಸಿಕೊಂಡವರಲ್ಲಿ ಕಾಯಿಲೆ ಸುಮಾರು ನಾಲ್ಕು ವರ್ಷ ತಡವಾಗಿ ಬಂತು. ಹೃದಯದ ಕಾಯಿಲೆಯಿಂದ ಸತ್ತವರೂ ಅವರಲ್ಲಿ ಕಡಿಮೆ. ಅಕ್ಕ ನಡೆಯದಿದ್ದರೆ 42ಕ್ಕೇ ಬರುತ್ತಿತ್ತೋ ಏನೋ. ಬಾರದೆ ಉಳಿದ ವರ್ಷಗಳು ಯಾರ ಕಣ್ಣಿಗೂ ಕಾಣುವುದಿಲ್ಲ, ಬಂದ ದಿನ ಮಾತ್ರ ಎಲ್ಲರಿಗೂ ನೆನಪಿರುತ್ತದೆ. ಅಕ್ಕನಿಗೆ ಆಗಿರುವ ಅನ್ಯಾಯ ಇದು.

ಹಾಗೆಂದು ‘ಎಲ್ಲವೂ ನಮ್ಮ ಕೈಯಲ್ಲೇ ಇದೆ’ ಎನ್ನುವವರ ಮಾತಿಗೂ ಕಿವಿಗೊಡಬೇಡಿ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಅದನ್ನು ಒಪ್ಪಿದ ಮರುಗಳಿಗೆಯೇ ನಿಮ್ಮ ಅಪ್ಪ ತಮ್ಮ ಸಾವಿಗೆ ತಾವೇ ಹೊಣೆಯಾಗುತ್ತಾರೆ, ಅಕ್ಕ ಎಲ್ಲೋ ಕದ್ದು ಸಿಹಿ ತಿಂದಿರಬೇಕು ಎಂದಾಗುತ್ತದೆ. ಕಾಯಿಲೆ ಬಿದ್ದವರ ತಲೆಯ ಮೇಲೆ ಅಪರಾಧವನ್ನೂ ಹೊರಿಸುವ ಈ ಚಾಳಿ ಕೊಡುವ ನೋವನ್ನು ನನ್ನೆದುರು ಕುಳಿತು ಅತ್ತ ಎಷ್ಟೋ ಜನರಲ್ಲಿ ಕಂಡಿದ್ದೇನೆ. ನಾಳೆ ನಿಮಗೂ ಬಂದರೆ, ಎಲ್ಲ ಮಾಡಿಯೂ ಬಂದರೆ, ಆಗಲೂ ನೀವು ತಪ್ಪಿತಸ್ಥರಲ್ಲ.

ಮನೆಯ ಜಗಳದ ವಿಷಯ. ಹೆಂಡತಿಗೆ ‘ಹಣೆಬರಹ’ ಅನ್ನುವುದನ್ನು ಬಿಟ್ಟು ‘ನನಗೆ ಅಪ್ಪನ ಹಾಗೆ ಆಗುತ್ತದೇನೋ ಅಂತ ಹೆದರಿಕೆ’ ಎಂದು ಒಂದು ಸಲ ಹೇಳಿ ನೋಡಿ. ಅವರ ಜಗಳದ ಬುಡದಲ್ಲಿಯೂ ಅದೇ ಹೆದರಿಕೆ ಇರಬಹುದು. ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂದು ನಂಬಿದ್ದರೆ ಬಿಡಿ, ರಕ್ತದಲ್ಲಿ ಎರಡೂ ಒಂದೇ. ಮನೆಯಲ್ಲಿ ಕಿಡ್ನಿ ತೊಂದರೆ ಕಂಡವರಾದ್ದರಿಂದ ಬಿಪಿ, ಮೂತ್ರದ ಪರೀಕ್ಷೆಯನ್ನೂ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಿ. ರೊಟ್ಟಿ, ಅನ್ನದ ಪ್ರಮಾಣವನ್ನು ಅವರೇ ಹೇಳಲಿ.

ನಾನು ಕೇಳಿಕೊಳ್ಳುವುದು ಇಷ್ಟೇ. ಬರುವ ಭಾನುವಾರ ಅಂಗಡಿ ತೆರೆಯುವ ಮೊದಲು ಅಕ್ಕನ ಊರಿಗೆ ಹೋಗಿ, ಅವರ ಜೊತೆ ಅರ್ಧ ಗಂಟೆ ನಡೆಯಿರಿ. ಕಾಯಿಲೆ ಬಂದ ಮೇಲೂ ಅವರು ಯಾಕೆ ನಡೆಯುತ್ತಾರೆ ಎಂಬುದು ನಿಮಗೆ ಗೊತ್ತಿಲ್ಲ ಎಂದು ಬರೆದಿದ್ದೀರಿ. ಅದನ್ನು ಅವರನ್ನೇ ಕೇಳಿ. ಏನು ಹೇಳಿದರೆಂದು ನನಗೂ ಒಂದು ಸಾಲು ಬರೆಯಿರಿ.