ನೆರೆಯ ಕಾಲದಲ್ಲಿ ಕುಟುಂಬದ ಆರೋಗ್ಯ ರಕ್ಷಣೆ

ನದಿಯು ಉಕ್ಕಿ ದಡ ಮೀರಿ ಹರಿಯುವುದನ್ನು ನೆರೆ ಎನ್ನುತ್ತೇವೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಹಾಗೂ ಭೀಮಾ ನದಿಗಳ ತೀರದಲ್ಲಿ ವಾಸಿಸುವವರಿಗೆ ನೆರೆಯು ಹೊಸದಲ್ಲ. 2005, 2009, 2019 ಮತ್ತು 2021ರಲ್ಲಿ ಉತ್ತರ ಕರ್ನಾಟಕದ ಅನೇಕ ಗ್ರಾಮಗಳು ನೆರೆಗೆ ತುತ್ತಾದವು. ನದಿ ಉಕ್ಕುವುದನ್ನು ತಡೆಯುವುದು ಒಂದು ಕುಟುಂಬದ ಕೈಯಲ್ಲಿಲ್ಲ. ಆದರೆ ಪ್ರಾಣಹಾನಿಯನ್ನು ತಪ್ಪಿಸುವುದು ಮತ್ತು ನೀರು ಇಳಿದ ಮೇಲೆ ಬರುವ ರೋಗಗಳನ್ನು ದೂರವಿಡುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇವೆ. ಅದು ಹೇಗೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಊರಿನಲ್ಲಿ ಮಳೆಯಿಲ್ಲದಿದ್ದರೂ ನೆರೆ ಏಕೆ ಬರುತ್ತದೆ?

ಕೃಷ್ಣಾ ನದಿಯು ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ ಹುಟ್ಟುತ್ತದೆ. ಕರಾಡದ ಬಳಿ ಕೊಯ್ನಾ ನದಿಯು ಅದನ್ನು ಸೇರುತ್ತದೆ. ಸಹ್ಯಾದ್ರಿಯಲ್ಲಿ ಮಳೆ ಬಲವಾಗಿ ಸುರಿದು ಜಲಾಶಯಗಳು ತುಂಬಿದಾಗ ನೀರನ್ನು ಹೊರಬಿಡುವುದು ಅನಿವಾರ್ಯವಾಗುತ್ತದೆ. ಹೀಗಾಗಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಗ್ರಾಮಗಳಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ತಮ್ಮೂರಿನ ಆಕಾಶವನ್ನಷ್ಟೇ ನೋಡಿ ಭಯವಿಲ್ಲವೆಂದು ಕುಳಿತವರು ಮೋಸಹೋಗುತ್ತಾರೆ. ಆದುದರಿಂದ ಮಳೆಗಾಲದಲ್ಲಿ ಆಕಾಶವಾಣಿಯ ವಾರ್ತೆ, ಗ್ರಾಮ ಪಂಚಾಯಿತಿಯ ಡಂಗುರ ಮತ್ತು ಜಿಲ್ಲಾಡಳಿತದ ಸೂಚನೆಗಳಿಗೆ ಕಿವಿಗೊಡಿರಿ.

2. ಮುಂಚಿತವಾಗಿ ಮಾಡಬೇಕಾದ ಸಿದ್ಧತೆ

ಮಳೆಗಾಲದ ಆರಂಭದಲ್ಲಿಯೇ ಒಂದು ಚೀಲವನ್ನು ಸಿದ್ಧಪಡಿಸಿರಿ. ಅದರಲ್ಲಿ ಪಡಿತರ ಚೀಟಿ, ಆಧಾರ್, ಜಮೀನಿನ ಪಹಣಿ, ಬ್ಯಾಂಕಿನ ಪುಸ್ತಕ ಮತ್ತು ತಾಯಿ ಕಾರ್ಡುಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಇಡಿರಿ. ಬ್ಯಾಟರಿ ದೀಪ, ಓ.ಆರ್.ಎಸ್. ಪೊಟ್ಟಣ, ಮಗುವಿನ ಬಟ್ಟೆ ಹಾಗೂ ಮುಟ್ಟಿನ ಬಟ್ಟೆಗಳೂ ಅದರಲ್ಲಿರಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಕ್ಷಯಕ್ಕೆ ಔಷಧಿ ಸೇವಿಸುವವರು ಎರಡು ವಾರಗಳಿಗೆ ಸಾಲುವಷ್ಟು ಮಾತ್ರೆಗಳನ್ನು ಇಟ್ಟುಕೊಳ್ಳಬೇಕು. ಗರ್ಭನಿರೋಧಕ ಮಾತ್ರೆ ಸೇವಿಸುವವರು ಅದನ್ನೂ ಮರೆಯಬಾರದು.

ಮನೆಯಲ್ಲಿ ತುಂಬುಗರ್ಭಿಣಿಯಿದ್ದರೆ ರಸ್ತೆಯು ಮುಳುಗುವವರೆಗೆ ಕಾಯುವುದು ಸರಿಯಲ್ಲ. ನೆರೆಯ ಸೂಚನೆ ಬಂದೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಆಸ್ಪತ್ರೆಗೆ ಹತ್ತಿರವಿರುವ ಬಂಧುಗಳ ಮನೆಗೆ ಅವಳನ್ನು ಕಳುಹಿಸಿರಿ. ನಡುರಾತ್ರಿ ದೋಣಿ ಹುಡುಕುವುದಕ್ಕಿಂತ ನಾಲ್ಕು ದಿನ ಮೊದಲೇ ಹೊರಡುವುದು ಲೇಸು.

3. ನೀರು ಏರಿದಾಗ

ಮನೆ ಬಿಡುವಂತೆ ಸೂಚನೆ ಬಂದರೆ ತಡಮಾಡಬೇಡಿರಿ. ನೀರು ಒಳಬರುವ ಮುನ್ನವೇ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನೂ ಅಡುಗೆ ಅನಿಲದ ಸಿಲಿಂಡರನ್ನೂ ಬಂದ್ ಮಾಡಿರಿ. ದನಕರುಗಳ ಹಗ್ಗ ಬಿಚ್ಚಿರಿ. ಕಟ್ಟಿಹಾಕಿದ ಪ್ರಾಣಿಗೆ ಈಜಲು ಬಾರದು. ಹರಿಯುವ ನೀರು ಮೊಣಕಾಲುದ್ದವಿದ್ದರೂ ಮನುಷ್ಯನನ್ನು ಕೆಡವಬಲ್ಲದು. ಸೇತುವೆಯ ಮೇಲೆ ನೀರು ಹರಿಯುತ್ತಿರುವಾಗ ನಡೆದಾಗಲಿ ವಾಹನದಲ್ಲಾಗಲಿ ದಾಟುವ ಸಾಹಸ ಬೇಡ.

ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077 ಸಂಖ್ಯೆಗೆ ಕರೆಮಾಡಿರಿ. ಊರಿನ ಹೆಸರು, ಗುರುತಿನ ಸ್ಥಳ, ಸಿಲುಕಿದವರ ಸಂಖ್ಯೆ ಹಾಗೂ ಅವರಲ್ಲಿ ರೋಗಿಗಳು, ಗರ್ಭಿಣಿಯರು ಇದ್ದಾರೆಯೇ ಎಂಬುದನ್ನು ಸ್ಪಷ್ಟವಾಗಿ ಹೇಳಿರಿ.

ನೆರೆಯಲ್ಲಿ ಹಾವುಗಳೂ ಒಣನೆಲವನ್ನು ಅರಸಿ ಮನೆಗೆ ಬರುತ್ತವೆ. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯುವುದು ಇವೆಲ್ಲ ಅಪಾಯಕರ. ಕಚ್ಚಿದ ಅಂಗವನ್ನು ಅಲುಗಾಡಿಸದೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸಾಗಿಸಿರಿ. ವಿಷಕ್ಕೆ ಮದ್ದು ಇರುವುದು ಆಸ್ಪತ್ರೆಯ ಚುಚ್ಚುಮದ್ದಿನಲ್ಲಿ, ಮಂತ್ರದಲ್ಲಿ ಅಲ್ಲ.

4. ಕಾಳಜಿ ಕೇಂದ್ರದಲ್ಲಿ ತಾಯಿ ಮತ್ತು ಮಗು

ಹಲವು ಕುಟುಂಬಗಳು ಒಂದೇ ಸೂರಿನಡಿ ಇರುವಾಗ ರೋಗವು ಬೇಗ ಹರಡುತ್ತದೆ. ಊಟಕ್ಕೆ ಮೊದಲು, ಶೌಚದ ನಂತರ ಸಾಬೂನಿನಿಂದ ಕೈತೊಳೆಯಿರಿ. ತಾಯಂದಿರು ಎದೆಹಾಲು ಉಣಿಸುವುದನ್ನು ನಿಲ್ಲಿಸಬಾರದು. ದಾನವಾಗಿ ಬಂದ ಹಾಲಿನಪುಡಿಯನ್ನು ಕಲುಷಿತ ನೀರಿನಲ್ಲಿ ಕಲಸಿ ಹಸುಗೂಸಿಗೆ ಕುಡಿಸುವುದು ಅದರ ಪ್ರಾಣಕ್ಕೇ ಕುತ್ತು ತರಬಹುದು.

ಮಗುವಿಗೆ ಭೇದಿಯಾದರೆ ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಕುಡಿಸಿರಿ. ಕಲಸಿದ ದ್ರಾವಣವನ್ನು 24 ಗಂಟೆಗಳ ನಂತರ ಬಳಸಬಾರದು. ಪೊಟ್ಟಣವಿಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಸಮತಟ್ಟಾದ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿರಿ. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಗು ಮಂಕಾದರೆ ವೈದ್ಯರ ಬಳಿಗೆ ಒಯ್ಯಿರಿ.

5. ನೀರು ಇಳಿದ ನಂತರ

ನೀರು ಇಳಿದೊಡನೆ ಅಪಾಯ ಕಳೆಯಿತೆಂದು ಭಾವಿಸುವುದು ದೊಡ್ಡ ತಪ್ಪು. ಹೊಳೆ ದಡ ಸೇರಿದ ಮೇಲೆ ರೋಗಗಳು ಕೊಡದೊಳಗೆ ಉಳಿಯುತ್ತವೆ. ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆ ಇವು ಕಲುಷಿತ ನೀರಿನಿಂದಲೇ ಬರುವವು. ಆದುದರಿಂದ ನೀರನ್ನು ಸೋಸಿ, ಕೊತಕೊತನೆ ಕುದಿಸಿ, ಮುಚ್ಚಿಟ್ಟು ಕುಡಿಯಿರಿ. ಉರುವಲಿಲ್ಲದಿದ್ದರೆ ಹಾಲೋಜನ್ ಮಾತ್ರೆಯನ್ನು ಪೊಟ್ಟಣದ ಮೇಲಿನ ಸೂಚನೆಯಂತೆ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಿರಿ.

ನೆರೆನೀರು ನುಗ್ಗಿದ ಬಾವಿಯ ಕೊಳಕು ನೀರನ್ನು ಮೊದಲು ಹೊರಹಾಕಬೇಕು. ಸಾಮಾನ್ಯವಾಗಿ 1,000 ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೇಕು. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 12,500 ಲೀಟರ್. ಅದಕ್ಕೆ ಸುಮಾರು 31 ಗ್ರಾಂ ಪುಡಿ ಸಾಕು. ಆದರೆ ನೆರೆಗೆ ಸಿಕ್ಕ ಬಾವಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದರಿಂದ ಆರೋಗ್ಯ ಸಿಬ್ಬಂದಿಯೇ ಪ್ರಮಾಣವನ್ನು ನಿರ್ಧರಿಸಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣವು ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಬಿಟ್ಟು, ಚೆನ್ನಾಗಿ ಕದಡಿ, ಕನಿಷ್ಠ ಒಂದು ಗಂಟೆ ಬಿಡಬೇಕು.

ಕೆಸರಿನಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಇಲಿಜ್ವರ ತಗಲುವ ಭಯವಿದೆ. ಇಲಿಯ ಮೂತ್ರದಲ್ಲಿರುವ ಸೂಕ್ಷ್ಮಾಣುಗಳು ಗಾಯದ ಮೂಲಕ ದೇಹವನ್ನು ಸೇರುತ್ತವೆ. ಗಮ್‌ಬೂಟು ಧರಿಸಿರಿ, ಗಾಯಗಳನ್ನು ಮುಚ್ಚಿರಿ. ಜ್ವರ, ಮೀನಖಂಡಗಳ ನೋವು, ಕಣ್ಣು ಕೆಂಪಾಗುವುದು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಒಡೆದ ಮಡಕೆ, ಟೈರುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿದರೆ ಡೆಂಗೀ ಸೊಳ್ಳೆಯು ಬೆಳೆಯಲಾರದು.

6. ಊರು ಒಂದಾಗಿ ಎದ್ದುನಿಲ್ಲಬೇಕು

ಒಬ್ಬರ ಮನೆ ಶುಚಿಯಾಗಿ, ನೆರೆಮನೆಯ ಹಿತ್ತಿಲು ಕೊಳೆತರೆ ರೋಗ ನಿಲ್ಲದು. ಯುವಕ ಸಂಘ, ಸ್ತ್ರೀಶಕ್ತಿ ಸಂಘ, ಶಾಲೆ ಇವೆಲ್ಲ ಸೇರಿ ಕೇರಿ ಕೇರಿಗೂ ಸರದಿಯಂತೆ ಶ್ರಮದಾನ ಮಾಡಬೇಕು. ಸತ್ತ ಪ್ರಾಣಿಗಳನ್ನು ಬಾವಿಯಿಂದ ದೂರ ಆಳವಾಗಿ ಹೂಳಬೇಕು. ಮನೆ, ಬೆಳೆ, ಜಾನುವಾರು ನಷ್ಟವಾಗಿದ್ದರೆ, ಸಾಧ್ಯವಾದರೆ ಛಾಯಾಚಿತ್ರ ತೆಗೆದಿಟ್ಟು, ಸಮೀಕ್ಷೆಗೆ ಬರುವ ಅಧಿಕಾರಿಗೆ ತೋರಿಸಿರಿ. ಓದುಬರಹ ಬಾರದ ವೃದ್ಧರಿಗೆ, ಒಂಟಿ ವಿಧವೆಯರಿಗೆ ಅರ್ಜಿ ಬರೆದುಕೊಡುವುದೂ ಒಂದು ಸೇವೆ.

ಮನೆಮಠ ಕಳೆದುಕೊಂಡವರಿಗೆ ನಿದ್ರೆ ಬಾರದಿರುವುದು, ಅಳು ಉಕ್ಕುವುದು ಸಹಜ. ಅವರನ್ನು ಒಂಟಿಯಾಗಿ ಬಿಡಬೇಡಿರಿ. ದುಃಖ ವಾರಗಟ್ಟಲೆ ಕಡಿಮೆಯಾಗದಿದ್ದರೆ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿಸಿರಿ.

ನೆನಪಿಡಿರಿ: ಸೂಚನೆ ಬಂದೊಡನೆ ಹೊರಡುವುದು ಪ್ರಾಣವನ್ನು ಉಳಿಸುತ್ತದೆ, ಶುದ್ಧಮಾಡಿದ ನೀರು ಆರೋಗ್ಯವನ್ನು ಉಳಿಸುತ್ತದೆ.

ಪ್ರಶ್ನೆಗಳು

1. ನಿಮ್ಮೂರಿನಲ್ಲಿ ಮಳೆಯಿಲ್ಲದಿದ್ದರೂ ಹೊಳೆ ಏರಲು ಕಾರಣವೇನು?
2. ನಿಮ್ಮ ಕೇರಿಯಲ್ಲಿ ಮೊದಲು ಸಾಗಿಸಬೇಕಾದ ಗರ್ಭಿಣಿಯರು, ವೃದ್ಧರು, ರೋಗಿಗಳು ಯಾರು?
3. ಮನೆಯಲ್ಲಿಯೇ ಜೀವಜಲವನ್ನು ತಯಾರಿಸುವ ವಿಧಾನವನ್ನು ಮಾಡಿ ತೋರಿಸಿರಿ.