ರಜೆಯ ಸೈನಿಕ, ನಾಗರಿಕ ವೈದ್ಯೆ: ಬೆಂಗಳೂರು ದಂಡಿನ ಹಿನ್ನೆಲೆಯಲ್ಲಿ ಒಂದು ಪ್ರಣಯಾಶಯದ ಅಧ್ಯಯನ

ಸೈನಿಕ ಮತ್ತು ವೈದ್ಯೆಯ ಪ್ರಣಯವು ಜನಪ್ರಿಯ ಕಥನಕ್ಕೆ ಪರಿಚಿತವಾದ ಆಶಯ. ಒಬ್ಬನದು ಪ್ರಾಣವನ್ನು ಒತ್ತೆಯಿಡುವ ವೃತ್ತಿ, ಇನ್ನೊಬ್ಬಳದು ಪ್ರಾಣವನ್ನು ಉಳಿಸುವ ವೃತ್ತಿ. ಈ ವೈದೃಶ್ಯವೇ ಅದರ ಆಕರ್ಷಣೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಈ ಆಶಯದ ನಿಜವಾದ ತೊಡಕು ಇರುವುದು ಪ್ರಾಣದ ಪ್ರಶ್ನೆಯಲ್ಲಲ್ಲ, ಕರ್ತವ್ಯದ ಪ್ರಶ್ನೆಯಲ್ಲಿ. ಎರಡು ಬೇರೆ ಬೇರೆ ವ್ಯವಸ್ಥೆಗಳಿಗೆ ಸೇರಿದ ಇಬ್ಬರು ಒಂದು ಸಂಸಾರವನ್ನು ಹೂಡಬೇಕಾದಾಗ ಯಾರ ಕೆಲಸ ಯಾರ ಊರನ್ನು ನಿರ್ಧರಿಸುತ್ತದೆ ಎಂಬುದೇ ಆ ಪ್ರಶ್ನೆ. ಇದನ್ನು ಬೆಂಗಳೂರಿನ ದಂಡು ಪ್ರದೇಶ ಹಾಗೂ ಅದರ ಪೂರ್ವದ ಬಡಾವಣೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಆಶಯದ ಮೂರು ರೂಪಗಳು

ಕನ್ನಡದಲ್ಲಿ ಈ ಆಶಯಕ್ಕೆ ಸಮೀಪವಾದ ಪ್ರಸಿದ್ಧ ಕೃತಿಯೆಂದರೆ ಎಸ್. ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ‘ಮುತ್ತಿನ ಹಾರ’ (1990). ಕೊಡಗಿನ ಸೈನಿಕ ಅಚ್ಚಪ್ಪ ಮತ್ತು ದಾದಿ ಅನ್ನಪೂರ್ಣೆಯ ಪ್ರೀತಿ ಎರಡನೆಯ ಮಹಾಯುದ್ಧದ ಸಂದರ್ಭದಲ್ಲಿ ಮೊಳೆಯುತ್ತದೆ. ಆತ ಗಾಯಾಳು, ಆಕೆ ಶುಶ್ರೂಷಕಿ. ಇಬ್ಬರೂ ಇರುವುದು ಯುದ್ಧದ ಆವರಣದೊಳಗೆ. ಇದಕ್ಕೆ ಎದುರಾಗಿ, ಉಷಾ ನವರತ್ನರಾಂ ಅವರ ಕಾದಂಬರಿಯನ್ನು ಆಧರಿಸಿದ ‘ಹೊಂಬಿಸಿಲು’ (1978) ಚಿತ್ರದಲ್ಲಿ ನಾಯಕ–ನಾಯಕಿಯರಿಬ್ಬರೂ ವೈದ್ಯರು. ಎರಡು ಕೃತಿಗಳ ವಸ್ತು ಬೇರೆಯಾದರೂ ಒಂದು ಸಾಮ್ಯವಿದೆ: ಪ್ರೇಮಿಗಳಿಬ್ಬರೂ ಒಂದೇ ವೃತ್ತಿಲೋಕದ ಸದಸ್ಯರು. ಆಕೆಗೆ ಏಕೆ ಬಿಡುವಿಲ್ಲ, ಆತ ಏಕೆ ಹೊರಡಬೇಕು ಎಂಬುದನ್ನು ಪರಸ್ಪರ ವಿವರಿಸುವ ಅಗತ್ಯ ಅವರಿಗೆ ಬೀಳುವುದಿಲ್ಲ.

ಮೂರನೆಯ ರೂಪವನ್ನು ಇತಿಹಾಸವೇ ಒದಗಿಸಿದೆ. ಮದರಾಸಿನಲ್ಲಿ 1938ರಲ್ಲಿ ವೈದ್ಯಕೀಯ ಪದವಿ ಪಡೆದ ಡಾ. ಲಕ್ಷ್ಮಿ ಸ್ವಾಮಿನಾಥನ್ 1940ರಲ್ಲಿ ಸಿಂಗಪುರಕ್ಕೆ ತೆರಳಿ ಅಲ್ಲಿ ವೃತ್ತಿ ನಡೆಸುತ್ತಿದ್ದರು. 1943ರಲ್ಲಿ ಅವರು ಆಜಾದ್ ಹಿಂದ್ ಫೌಜಿನ ಝಾನ್ಸಿರಾಣಿ ಪಡೆಯ ನೇತೃತ್ವ ವಹಿಸಿದರು. ಅದೇ ಫೌಜಿನ ಅಧಿಕಾರಿ ಪ್ರೇಮ್ ಕುಮಾರ್ ಸೆಹಗಲ್ ಕೆಂಪುಕೋಟೆಯ ವಿಚಾರಣೆಯನ್ನು ಎದುರಿಸಿ ಬಿಡುಗಡೆಯಾದ ನಂತರ, 1947ರ ಮಾರ್ಚಿಯಲ್ಲಿ ಲಾಹೋರಿನಲ್ಲಿ ಇಬ್ಬರ ವಿವಾಹವಾಯಿತು. ಇಲ್ಲಿ ವೈದ್ಯೆ ಮೊದಲು ಯೋಧೆಯಾದಳು. ವಿವಾಹದ ಹೊತ್ತಿಗೆ ಯೋಧ ಸೈನ್ಯದಿಂದ ಹೊರಗಿದ್ದ. ಕಾನ್ಪುರದಲ್ಲಿ ನೆಲೆಸಿದ ಆ ದಂಪತಿಗಳಲ್ಲಿ ವೃತ್ತಿಯನ್ನು ಕೊನೆಯವರೆಗೂ ಮುಂದುವರಿಸಿದವರು ವೈದ್ಯೆಯೇ ಎಂಬುದು ಗಮನಾರ್ಹ. ಪಾಶ್ಚಾತ್ಯ ಸಾಹಿತ್ಯದಲ್ಲಿಯೂ ಇಂಥ ಸರಿಹೊಂದಿಕೆ ಕಾಣುತ್ತದೆ. ಹೆಮಿಂಗ್ವೆಯ ‘ಎ ಫೇರ್‌ವೆಲ್ ಟು ಆರ್ಮ್ಸ್’ (1929) ಕಾದಂಬರಿಯ ನಾಯಕ ಸೈನ್ಯವನ್ನೇ ತೊರೆದು ದಾದಿಯನ್ನು ಸೇರಿಕೊಳ್ಳುತ್ತಾನೆ. ಅಂದರೆ ಪ್ರೇಮಿಗಳಲ್ಲಿ ಒಬ್ಬರು ಗಡಿ ದಾಟಿದ ಮೇಲೆಯೇ ಕಥನಕ್ಕೆ ನೆಮ್ಮದಿ. ಗಡಿಯ ಎರಡು ಬದಿಗಳಲ್ಲಿ ನಿಂತೇ ಪ್ರೀತಿಸುವ ಸೈನಿಕ ಮತ್ತು ನಾಗರಿಕ ವೈದ್ಯೆಯ ಕಥನ ಇವೆಲ್ಲಕ್ಕಿಂತ ಕಠಿಣವಾದುದು.

2. ದಂಡು ಎಂಬ ಸ್ಥಳ

ಈ ಕಠಿಣ ರೂಪಕ್ಕೆ ಬೆಂಗಳೂರಿನ ಪೂರ್ವಭಾಗ ಸಹಜ ನೆಲೆ. 1809ರಲ್ಲಿ ನೆಲೆಗೊಂಡ ಬ್ರಿಟಿಷ್ ದಂಡಿನ ಸುತ್ತ ಬೆಳೆದ ಪಟ್ಟಣಕ್ಕೆ 1881ರ ನಂತರ ಬಂದ ಹೆಸರು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’. ನಾಗರಿಕ, ಸೈನಿಕ ಎಂಬ ಎರಡು ಪದಗಳನ್ನು ಒಂದು ಸಂಬಂಧಸೂಚಕ ಅವ್ಯಯದಿಂದ ಜೋಡಿಸಿದ ಈ ಹೆಸರಿನಲ್ಲಿಯೇ ಆಶಯದ ಬೀಜವಿದೆ. ಹಲಸೂರಿನಲ್ಲಿ ಮದರಾಸ್ ಎಂಜಿನಿಯರ್ ಗ್ರೂಪ್ ನೆಲೆಸಿದೆ. ದಕ್ಷಿಣದ ನಾಲ್ಕೂ ಭಾಷೆಗಳ ಯುವಕರು ಅಲ್ಲಿ ‘ತಂಬಿ’ಗಳಾಗುತ್ತಾರೆ. ಅಲ್ಲಿಂದ ಅಷ್ಟೇನೂ ದೂರವಲ್ಲದ ಶಿವಾಜಿನಗರದಲ್ಲಿ ಕಮಿಷನರ್ ಬೌರಿಂಗ್ (1862–70) ಅವರ ಹೆಸರಿನ ಸಾರ್ವಜನಿಕ ಆಸ್ಪತ್ರೆಯಿದೆ. ಇಂದಿರಾನಗರದಲ್ಲಿ ‘ಡಿಫೆನ್ಸ್ ಕಾಲೊನಿ’ ಎಂಬ ಭಾಗವೇ ಇದೆ. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ಬಂದ ರೈಲುದಾರಿಯಲ್ಲಿ ಚೆನ್ನೈ ಕಡೆಗೆ ಹೊರಟ ಗಾಡಿ ಕೃಷ್ಣರಾಜಪುರವನ್ನು ಹಾದೇ ನಗರವನ್ನು ಬಿಡುತ್ತದೆ. ಬ್ಯಾರಕು, ಆಸ್ಪತ್ರೆ, ಮನೆ, ನಿಲ್ದಾಣ ಎಂಬ ಕಥನದ ನಾಲ್ಕು ನೆಲೆಗಳೂ ಹೀಗೆ ಪೂರ್ವ ಬೆಂಗಳೂರಿನಲ್ಲಿಯೇ ಇವೆ.

ಹೀಗಿದ್ದೂ ಮೇಲೆ ಹೇಳಿದ ‘ಮುತ್ತಿನ ಹಾರ’ದ ಸೈನಿಕನ ಮನೆ ದಂಡಿನಲ್ಲಿಲ್ಲ, ಕೊಡಗಿನಲ್ಲಿದೆ. ಇದಕ್ಕೆ ಚಾರಿತ್ರಿಕ ಹಿನ್ನೆಲೆಯಿದೆ. ದಂಡು 1947ರ ಜುಲೈ 26ರವರೆಗೆ ಮೈಸೂರು ಸಂಸ್ಥಾನದ ಆಡಳಿತದ ಹೊರಗಿತ್ತು. ಪೇಟೆಯೊಡನೆ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ತಮಿಳು, ದಖನಿ ಉರ್ದು, ಇಂಗ್ಲಿಷು ಅಲ್ಲಿಯ ದೈನಂದಿನ ಭಾಷೆಗಳಾಗಿದ್ದವು. ನವೋದಯದ ಲೇಖಕರ ಒಡನಾಟ ಹೆಚ್ಚಾಗಿ ಮೈಸೂರು, ಧಾರವಾಡ, ಮಂಗಳೂರು ಮತ್ತು ಬೆಂಗಳೂರಿನ ಪೇಟೆ–ಬಸವನಗುಡಿಗಳೊಡನೆ. ಆಡಳಿತದ ಗಡಿ ಕಥನದ ಗಡಿಯೂ ಆದದ್ದು ಹೀಗೆ.

3. ರಜೆ ಎಂಬ ಕಾಲ

ಸೈನಿಕನ ರಜೆ ವಿಶಿಷ್ಟವಾದ ಕಾಲಘಟಕ. ಭಾರತೀಯ ಭೂಸೇನೆಯಲ್ಲಿ ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ, 30 ದಿನಗಳ ಸಾಂದರ್ಭಿಕ ರಜೆ ಉಂಟು. ಆದರೆ ಅದು ಸೇವೆಯ ಅಗತ್ಯಕ್ಕೆ ಅಧೀನವಾದದ್ದು. 1999ರ ಕಾರ್ಗಿಲ್ ಯುದ್ಧ, 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ನಂತರದ ಗಡಿ ಜಮಾವಣೆ ಮುಂತಾದ ಸಂದರ್ಭಗಳಲ್ಲಿ ರಜೆಯಲ್ಲಿದ್ದವರು ಮರಳಿ ಹೊರಡಬೇಕಾಯಿತು. ಕಥನಕಾರರು ರಜೆಯನ್ನು ಮೆಚ್ಚುವುದು ಈ ಅನಿಶ್ಚಿತತೆಗಾಗಿಯೇ. ಪ್ರೀತಿಗೆ ಅದು ಗಡುವನ್ನು ವಿಧಿಸುತ್ತದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ರಜೆ ಇರುವುದು ಆತನಿಗೆ ಮಾತ್ರ. ಸಾರ್ವಜನಿಕ ಆಸ್ಪತ್ರೆಯ ವೈದ್ಯೆಗೆ ಅವೇ 60 ದಿನಗಳು ಹೊರರೋಗಿ ವಿಭಾಗದ, ರಾತ್ರಿಪಾಳಿಯ, ಹೆರಿಗೆ ವಾರ್ಡಿನ ದಿನಗಳು. ಎರಡನೆಯದು, ಸೈನಿಕನ ಚಿಕಿತ್ಸೆಗೆ ಸೇನೆಯದೇ ಆಸ್ಪತ್ರೆಗಳಿವೆ. ಆತ ನಾಗರಿಕ ವೈದ್ಯೆಯನ್ನು ಎದುರುಗೊಳ್ಳುವುದು ಗಾಯಾಳುವಾಗಿ ಅಲ್ಲ. ಹೆಚ್ಚಾಗಿ ಬಂಧುವಿನ, ನೆರೆಯವರ ಅಥವಾ ತುರ್ತಾಗಿ ದಾಖಲಾದ ತಾಯಿಯ ಜೊತೆಗಾರನಾಗಿ. ‘ಮುತ್ತಿನ ಹಾರ’ದ ಮಾದರಿ ಇಲ್ಲಿ ಬದಲಾಗುತ್ತದೆ. ಆತನ ಶೌರ್ಯಕ್ಕೆ ಆ ವಾರ್ಡಿನಲ್ಲಿ ಕೆಲಸವಿಲ್ಲ. ಚೀಟಿ ಹಿಡಿದು ಬೆಂಚಿನ ಮೇಲೆ ಕೂರುವುದಷ್ಟೇ ಆತನ ಪಾಲು.

ಇದರಿಂದ ವಿರಹದ ಪರಂಪರೆಯೇ ತಿರುಗುಮುರುಗಾಗುತ್ತದೆ. ದಂಡಿಗೆ ಹೋದ ಗಂಡನಿಗಾಗಿ ಹೊಸ್ತಿಲಲ್ಲಿ ಕಾಯುವ ಹೆಣ್ಣು ನಮಗೆ ಪರಿಚಿತಳು. ಇಲ್ಲಿ ಕಾಯುವವನು ಗಂಡು, ಬಿಡುವಿಲ್ಲದವಳು ಹೆಣ್ಣು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934–1991) ಅವರ ಬರವಣಿಗೆಯ ನಂತರ ಕನ್ನಡ ಓದುಗರಿಗೆ ವೈದ್ಯೆಯೆಂದರೆ ಕೇವಲ ಕರುಣೆಯ ಮೂರ್ತಿಯಲ್ಲ. ಸ್ತ್ರೀದೇಹ, ದಾಂಪತ್ಯ, ದುಡಿಮೆಗಳ ಬಗ್ಗೆ ಸ್ವಂತ ಅರಿವಿನಿಂದ ಮಾತನಾಡಬಲ್ಲ ವ್ಯಕ್ತಿ. ಅಂಥವಳನ್ನು ಮತ್ತೆ ಹೊಸ್ತಿಲಿಗೆ ತಂದು ನಿಲ್ಲಿಸುವ ಕಥನ ತನ್ನ ಪಾತ್ರಕ್ಕೇ ಅನ್ಯಾಯ ಮಾಡುತ್ತದೆ.

4. ಮುಕ್ತಾಯದ ಸಮಸ್ಯೆ

ಈ ಬಗೆಯ ಕಥನಕ್ಕೆ ಸಿದ್ಧವಾಗಿ ದೊರೆಯುವ ಮುಕ್ತಾಯಗಳು ಎರಡು: ವಿವಾಹ ಅಥವಾ ವೀರಮರಣ. ಎರಡನೆಯದಕ್ಕೆ ನಮ್ಮಲ್ಲಿ ದೀರ್ಘ ಪರಂಪರೆಯಿದೆ. ‘ಬೆಂಗಳೂರು’ ಎಂಬ ಹೆಸರನ್ನು ಉಲ್ಲೇಖಿಸುವ, ಸುಮಾರು ಕ್ರಿ.ಶ. 890ರ ಬೇಗೂರು ಶಾಸನವೇ ಕಾಳೆಗದಲ್ಲಿ ಮಡಿದವನ ಸ್ಮಾರಕ. ವೀರಗಲ್ಲಿನ ಶಿಲ್ಪದಲ್ಲಿ ಮಡಿದ ಯೋಧನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಉಳಿದವಳ ಮುಂದಿನ ದಿನಗಳಿಗೆ ಆ ಕಲ್ಲಿನಲ್ಲಿ ಪಟ್ಟಿಕೆಯಿಲ್ಲ. ಮಹಾಸತಿಕಲ್ಲು ಕಂಡರಿಸುವುದೂ ಆಕೆಯ ಸಾವನ್ನೇ.

ವಿವಾಹದ ಮುಕ್ತಾಯವೂ ಅಷ್ಟೇ ಸುಲಭದ ಪರಿಹಾರ. ಸೇನೆಯಲ್ಲಿ ಕುಟುಂಬವನ್ನು ಕರೆದೊಯ್ಯಬಹುದಾದ ಶಾಂತಿನೆಲೆಗಳೂ ಇವೆ, ಕರೆದೊಯ್ಯಲಾಗದ ಮುಂಚೂಣಿ ನೆಲೆಗಳೂ ಇವೆ. ವರ್ಗಾವಣೆ ಸೈನಿಕ ಜೀವನದ ನಿಯಮ. ವೈದ್ಯೆಯ ನೋಂದಣಿಯಾದರೋ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ಸೇರಿದ್ದು. ಊರು ಬದಲಾದಂತೆಲ್ಲ ಹುದ್ದೆ, ರೋಗಿಗಳ ವಿಶ್ವಾಸ, ಎಲ್ಲವನ್ನೂ ಹೊಸದಾಗಿ ಗಳಿಸಬೇಕು. ಶಿವಾಜಿನಗರದ ವಾರ್ಡಿನಲ್ಲಿ ತಮಿಳು, ಉರ್ದು, ಕನ್ನಡ ಮೂರನ್ನೂ ಬೆರೆಸಿ ನೋವಿನ ಜಾಗ ಕೇಳಲು ಕಲಿತವಳ ಆ ಅನುಭವಕ್ಕೆ ಬೇರೆ ಊರಿನಲ್ಲಿ ಬೆಲೆ ಸಿಗುವ ಭರವಸೆಯಿಲ್ಲ. ಮದುವೆಯ ಮಂಟಪದಲ್ಲಿ ಕಥೆಯನ್ನು ನಿಲ್ಲಿಸುವುದೆಂದರೆ ಈ ನಷ್ಟದ ಲೆಕ್ಕವನ್ನು ಮುಚ್ಚಿಡುವುದು.

ಆಕೆ ಹೊರಡದೆ ಉಳಿದರೆ? ಆಗ ಮನೆಯೆಂಬುದು ವೈದ್ಯೆ ದುಡಿಯುವ ಊರಿನಲ್ಲಿ ನೆಲೆಗೊಳ್ಳುತ್ತದೆ. ವರ್ಷಕ್ಕೆ ಕೆಲವು ವಾರ ಅಲ್ಲಿಗೆ ಬರುವವನು ಸೈನಿಕ. ರಜೆಯು ಪ್ರಣಯದ ಪೀಠಿಕೆಯಾಗಿ ಉಳಿಯದೆ ದಾಂಪತ್ಯದ ರೂಪವೇ ಆಗುತ್ತದೆ. ಸೈನಿಕ ಕುಟುಂಬಗಳಿಗೆ ಇದು ಹೊಸದಲ್ಲ. ಹೊಸದಾಗಿರುವುದು ಆ ಕುಟುಂಬದ ಸ್ತ್ರೀ ತನ್ನದೇ ಕರ್ತವ್ಯದ ಬಲದಿಂದ ಅದನ್ನು ಆಯ್ದುಕೊಳ್ಳುವುದು.

5. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಈ ಆಶಯದ ಸಂಘರ್ಷ ದೇಶಪ್ರೇಮ ಮತ್ತು ಪ್ರಣಯದ ನಡುವಿನದಲ್ಲ, ಸಮಾನ ಗೌರವದ ಎರಡು ಕರ್ತವ್ಯಗಳ ನಡುವಿನದು. ದಂಡು ಪ್ರದೇಶ ಈ ಸಂಘರ್ಷಕ್ಕೆ ಹಿನ್ನೆಲೆಯಷ್ಟೇ ಅಲ್ಲ, ಅದರ ಕಾರಣವೂ ಹೌದು. ಆಶಯದ ಸತ್ವವನ್ನು ಅಳೆಯಬೇಕಾದದ್ದು ಭೇಟಿಯ ಸನ್ನಿವೇಶದಿಂದಲ್ಲ, ವರ್ಗಾವಣೆಯ ಆದೇಶ ಬಂದ ಮರುದಿನದಿಂದ. ಜನಪ್ರಿಯ ಕಾದಂಬರಿಗಳನ್ನು ಅಧ್ಯಯನಕ್ಕೆ ಅರ್ಹವಲ್ಲವೆಂದು ಬದಿಗಿಡದೆ, ಅವುಗಳಲ್ಲಿ ಮದುವೆಯ ನಂತರ ನಾಯಕಿಯ ವೃತ್ತಿ ಏನಾಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಓದಿದರೂ ಕನ್ನಡ ಕಥನವು ದುಡಿಯುವ ಹೆಣ್ಣಿಗೆ ಎಷ್ಟು ಜಾಗ ಕೊಟ್ಟಿದೆ ಎಂಬುದು ತಿಳಿಯುತ್ತದೆ.